ಹಾಸನದಲ್ಲಿ ಐಟಿಐ ಬೋಧಕರಾಗಲು: ಸರ್ಟಿಫಿಕೇಟಿನಿಂದ ಮೊದಲ ಡೆಮೊವರೆಗೆ

ಫಿಟ್ಟರ್, ಎಲೆಕ್ಟ್ರಿಷಿಯನ್‌ನಂತಹ ಎರಡು ವರ್ಷದ ಐಟಿಐ ಟ್ರೇಡಿನಲ್ಲಿ ವರ್ಷಕ್ಕೆ 1,200 ಗಂಟೆಗಳ ತರಬೇತಿ ಇರುತ್ತದೆ. ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್‌ಗೇ ಹೋಗುತ್ತದೆ. ಬೋಧಕರಾಗಬೇಕೆಂದಿರುವವರು ಮೊದಲು ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪಿಯು ಅಥವಾ ಡಿಗ್ರಿ ಕಾಲೇಜಿನ ಉಪನ್ಯಾಸಕರ ಹಾಗೆ ಬೋರ್ಡಿನ ಮುಂದೆ ನಿಂತು ದಿನ ಮುಗಿಸುವ ಕೆಲಸವಲ್ಲ ಇದು. ದಿನದ ಮುಕ್ಕಾಲು ಪಾಲು ವೈಸಿನ (ತುಂಡನ್ನು ಬಿಗಿಹಿಡಿಯುವ ಸಾಧನದ) ಪಕ್ಕದಲ್ಲೋ ಪ್ಯಾನೆಲ್ ಬೋರ್ಡಿನ ಮುಂದೆಯೋ ನಿಂತಿರುತ್ತೀರಿ. ಮಕ್ಕಳು ನಿಮ್ಮ ಮಾತಿಗಿಂತ ಮೊದಲು ನಿಮ್ಮ ಕೈಯನ್ನು ನೋಡುತ್ತಾರೆ.

ಎಂ.ಎ., ಎಂ.ಎಸ್ಸಿ., ನೆಟ್, ಕೆ-ಸೆಟ್ ಯಾವುದೂ ಇಲ್ಲದೆ ಬೋಧನೆಗೆ ಬರಬಹುದಾದ ದಾರಿ ಇದು. ಅರಸೀಕೆರೆ, ಹೊಳೆನರಸೀಪುರ, ಸಕಲೇಶಪುರದ ಕಡೆ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ನಾಲ್ಕಾರು ವರ್ಷ ಕೆಲಸ ಮಾಡಿದವರಲ್ಲಿ ಅನೇಕರಿಗೆ ತಾವು ಇದಕ್ಕೆ ಅರ್ಹರೆಂಬುದೇ ತಿಳಿದಿರುವುದಿಲ್ಲ.

ಅರ್ಹತೆ

ಫಿಟ್ಟರ್ ಟ್ರೇಡನ್ನೇ ತೆಗೆದುಕೊಳ್ಳೋಣ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಇದ್ದರೆ ಅದೇ ಕ್ಷೇತ್ರದಲ್ಲಿ ಒಂದು ವರ್ಷದ ಅನುಭವ ಬೇಕು. ಮೂರು ವರ್ಷದ ಡಿಪ್ಲೊಮಾ ಆಗಿದ್ದರೆ ಎರಡು ವರ್ಷ. ಐಟಿಐ ಮುಗಿಸಿ ಬರುವ ಎನ್‌ಟಿಸಿ ಅಥವಾ ಅಪ್ರೆಂಟಿಸ್‌ಶಿಪ್ ಮುಗಿಸಿ ಬರುವ ಎನ್‌ಎಸಿ ಸರ್ಟಿಫಿಕೇಟ್ ಇದ್ದರೆ ಮೂರು ವರ್ಷ. ಇದರ ಜೊತೆಗೆ ಎಲ್ಲರಿಗೂ ಕಡ್ಡಾಯವಾದದ್ದು ರಾಷ್ಟ್ರೀಯ ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್, ಅಂದರೆ ಎನ್‌ಸಿಐಸಿ.

ಪಠ್ಯಕ್ರಮದಲ್ಲಿ ಇನ್ನೊಂದು ಸಾಲಿದೆ, ಅದನ್ನು ಹಲವರು ಓದುವುದೇ ಇಲ್ಲ. ಒಂದು ಟ್ರೇಡಿನ ಎರಡು ಯೂನಿಟ್ಟಿಗೆ (ಯೂನಿಟ್ ಎಂದರೆ ಒಂದು ಬ್ಯಾಚ್) ಇಬ್ಬರು ಬೋಧಕರು ಬೇಕಾದಾಗ ಒಬ್ಬರು ಪದವಿ ಇಲ್ಲವೇ ಡಿಪ್ಲೊಮಾದವರು, ಇನ್ನೊಬ್ಬರು ಎನ್‌ಟಿಸಿ ಇಲ್ಲವೇ ಎನ್‌ಎಸಿಯವರೇ ಆಗಿರಬೇಕು. ಎಂಜಿನಿಯರುಗಳು ಅರ್ಜಿ ಹಾಕಿದರೆ ನಮ್ಮಂಥವರನ್ನು ಕೇಳುವವರು ಯಾರು ಎಂದು ಐಟಿಐ ಓದಿದವರು ಹಿಂದೆ ಸರಿಯುವ ಅಗತ್ಯವಿಲ್ಲ. ನಿಯಮವೇ ನಿಮಗೊಂದು ಜಾಗ ಇಟ್ಟಿದೆ.

ಟ್ರೇಡ್ ಬಿಟ್ಟು ಬೇರೆ ಬಾಗಿಲೂ ಇದೆ. ಎಂಪ್ಲಾಯಬಿಲಿಟಿ ಸ್ಕಿಲ್ಸ್ ಕಲಿಸುವವರಿಗೆ ಯಾವುದೇ ಪದವಿ, ಎರಡು ವರ್ಷದ ಅನುಭವ ಮತ್ತು ಆ ವಿಷಯದ ಅಲ್ಪಾವಧಿ ಬೋಧಕ ತರಬೇತಿ ಸಾಕು. ಇಂಗ್ಲಿಷ್ ಅಥವಾ ಸಂವಹನ ಕೌಶಲ ಮತ್ತು ಕಂಪ್ಯೂಟರ್ ಓದಿರಬೇಕು, ಅಷ್ಟೇ. ಪಾಲಿಟೆಕ್ನಿಕ್ ಉಪನ್ಯಾಸಕ ಹುದ್ದೆಗೆ ಮಾತ್ರ ಲೆಕ್ಕ ಬೇರೆ: ಎಂಜಿನಿಯರಿಂಗ್ ವಿಭಾಗಗಳಲ್ಲಿ ಪ್ರಥಮ ದರ್ಜೆಯ ಬಿ.ಇ. ಕೇಳುತ್ತಾರೆ.

ಎನ್‌ಸಿಐಸಿಯನ್ನು ಮೊದಲೇ ಮುಗಿಸಿ

ಈ ಸರ್ಟಿಫಿಕೇಟಿಗಾಗಿ ಓದುವ ಕೋರ್ಸಿಗೆ ಸಿಐಟಿಎಸ್ ಎನ್ನುತ್ತಾರೆ. ಅವಧಿ ಒಂದು ವರ್ಷ. ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಬೆಂಗಳೂರಿನ ಯಶವಂತಪುರದ ಕಡೆ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ, ಹೊಸೂರು ರಸ್ತೆಯಲ್ಲಿ ಮಹಿಳೆಯರಿಗಾಗಿಯೇ ಇನ್ನೊಂದು ಇದೆ. ಹಾಸನದಿಂದ ದಿನಾ ಓಡಾಡುವ ದೂರವಲ್ಲ. ಒಂದು ವರ್ಷ ಅಲ್ಲೇ ಇರುವ ಖರ್ಚಿಗೆ ಮೊದಲೇ ದುಡ್ಡು ಹೊಂದಿಸಿಕೊಳ್ಳಿ.

1,200 ಗಂಟೆಗಳ ಈ ಕೋರ್ಸಿನಲ್ಲಿ ಟ್ರೇಡ್ ಪ್ರಾಕ್ಟಿಕಲ್‌ಗೆ 480, ಟ್ರೇಡ್ ಥಿಯರಿಗೆ 270 ಗಂಟೆ. ಉಳಿದ 450 ಗಂಟೆ ಪೂರ್ತಿ ಕಲಿಸುವುದನ್ನು ಕಲಿಯುವುದಕ್ಕೆ: 270 ಪ್ರಾಕ್ಟಿಕಲ್, 180 ಥಿಯರಿ. ಪಾಸಾಗಲು ಪ್ರಾಕ್ಟಿಕಲ್‌ಗಳಲ್ಲಿ ಶೇ. 60, ಥಿಯರಿಯಲ್ಲಿ ಶೇ. 40 ಬೇಕು. ಕೈಕೆಲಸ ಚೆನ್ನಾಗಿ ಬಲ್ಲವರೂ ಬೋಧನಾ ಪ್ರಾಕ್ಟಿಕಲ್‌ನಲ್ಲಿ ಎಡವುತ್ತಾರೆ, ಏಕೆಂದರೆ ಲೆಸನ್ ಪ್ಲಾನ್ ಬರೆಯುವುದನ್ನು ಗುಮಾಸ್ತಿಕೆ ಎಂದು ತಳ್ಳಿಹಾಕಿರುತ್ತಾರೆ.

ಹೆಚ್ಚಿನವರು ಮಾಡುವ ತಪ್ಪು ಒಂದೇ. ಮೊದಲು ಹತ್ತಿರದ ಖಾಸಗಿ ಐಟಿಐ ಸೇರಿಬಿಡುತ್ತಾರೆ, ಸಿಐಟಿಎಸ್ ಆಮೇಲೆ ಮಾಡಿದರಾಯಿತು ಎಂದುಕೊಳ್ಳುತ್ತಾರೆ. ಒಮ್ಮೆ ಬ್ಯಾಚ್ ಕೈಗೆ ಬಂದ ಮೇಲೆ ಒಂದು ವರ್ಷ ಬಿಟ್ಟು ಬೆಂಗಳೂರಿಗೆ ಹೋಗಲು ಆಡಳಿತ ಮಂಡಳಿ ಬಿಡುವುದಿಲ್ಲ, ಮನೆಯ ಖರ್ಚೂ ಬಿಡುವುದಿಲ್ಲ. ವರ್ಷಗಳು ಉರುಳುತ್ತವೆ, ಸಂಬಳ ನಿಂತಲ್ಲೇ ನಿಂತಿರುತ್ತದೆ. ಈಗಾಗಲೇ ಸೇರಿಬಿಟ್ಟಿದ್ದರೆ, ಕೆಲಸದಲ್ಲಿರುವ ಬೋಧಕರ ಅನುಭವವನ್ನೇ ಪರಿಗಣಿಸಿ ಪರೀಕ್ಷೆಗೆ ಕೂರಿಸುವ ಆರ್‌ಪಿಎಲ್ ಮಾದರಿಯ ಎನ್‌ಸಿಐಸಿ ಇದೆ, ಅದರ ಪ್ರಕಟಣೆಗಾಗಿ ಕಾಯಿರಿ. ಇನ್ನೂ ಸೇರಿಲ್ಲದವರಿಗೆ ನಮ್ಮ ಸಲಹೆ ಸ್ಪಷ್ಟ: ಸಿಐಟಿಎಸ್ ಮೊದಲು, ಕೆಲಸ ಆಮೇಲೆ.

ಕಾಗದಪತ್ರ

ಅನುಭವ ಪತ್ರ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿರಬೇಕು. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಹುದ್ದೆಯ ಹೆಸರು, ಮಾಡಿದ ಕೆಲಸದ ವಿವರ, ಸಹಿ, ಮೊಹರು ಎಲ್ಲವೂ ಬೇಕು. 'ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಒಳ್ಳೆಯವರು' ಎಂಬ ಎರಡು ಸಾಲಿನ ಪತ್ರ ಯಾವ ಪರಿಶೀಲನೆಯಲ್ಲೂ ನಿಲ್ಲುವುದಿಲ್ಲ. ಸಣ್ಣ ಗ್ಯಾರೇಜು, ವೆಲ್ಡಿಂಗ್ ಶಾಪುಗಳಲ್ಲಿ ದುಡಿದವರಿಗೆ ಇಲ್ಲೇ ಪೆಟ್ಟು ಬೀಳುತ್ತದೆ. ಮಾಲೀಕರ ಬಳಿ ಲೆಟರ್‌ಹೆಡ್ ಇರುವುದಿಲ್ಲ, ಪಿಎಫ್, ಇಎಸ್ಐ ಕಟ್ಟಿರುವುದಿಲ್ಲ. ಇಂಥ ಕಡೆ ಕೆಲಸದಲ್ಲಿರುವಾಗಲೇ ಜಿಎಸ್‌ಟಿ ಅಥವಾ ಉದ್ಯಮ ನೋಂದಣಿ ಸಂಖ್ಯೆ ಇರುವ ಪತ್ರ ಕೇಳಿ ಪಡೆಯಿರಿ, ಸಂಬಳವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಿ. ಬಿಟ್ಟು ಬಂದ ಮೇಲೆ ಕೇಳಿದರೆ ಸಿಗುವುದು ಕಷ್ಟ.

ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಎನ್‌ಟಿಸಿ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇರುವುದು ನಮ್ಮ ಕಡೆ ಸಾಮಾನ್ಯ. ಅರ್ಜಿ ಕರೆಯುವ ಮೊದಲೇ ಸರಿಪಡಿಸಿಕೊಳ್ಳಿ.

ಕೆಲಸ ಎಲ್ಲಿ

ಸರ್ಕಾರಿ ಐಟಿಐಗಳು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಅಡಿ ಬರುತ್ತವೆ. ಅಲ್ಲಿ ಕಾಯಂ ಬೋಧಕರ ಹುದ್ದೆಯ ಹೆಸರು ಕಿರಿಯ ತರಬೇತಿ ಅಧಿಕಾರಿ. ಈ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಅಷ್ಟರಲ್ಲಿ ಅತಿಥಿ ಬೋಧಕರಾಗಿ ಸೇರುವುದು ಜಾಣತನ. ಹೊಸ ಬ್ಯಾಚ್ ಶುರುವಾಗುವ ಮೊದಲೇ ಆಯಾ ಐಟಿಐನ ಪ್ರಾಚಾರ್ಯರ ಕಚೇರಿಗೆ ನೇರ ಹೋಗಿ ಬಯೋಡೇಟಾ ಕೊಟ್ಟು ಬನ್ನಿ.

ಖಾಸಗಿ ಐಟಿಐಗೆ ಹೋದರೆ ಸಂಬಳಕ್ಕಿಂತ ಮೊದಲು ವರ್ಕ್‌ಶಾಪ್ ತೋರಿಸಲು ಹೇಳಿ. ನಿಮ್ಮ ಟ್ರೇಡಿಗೆ ಸಂಯೋಜನೆ (ಅಫಿಲಿಯೇಷನ್) ಇದೆಯೇ, ಎಷ್ಟು ಯೂನಿಟ್ಟಿಗೆ, ಲೇತಿಗೆ ತ್ರೀ ಫೇಸ್ ಬರುತ್ತದೆಯೇ, ಕಚ್ಚಾ ಸಾಮಗ್ರಿ ಎಷ್ಟು ದಿನಕ್ಕೊಮ್ಮೆ ತರಿಸುತ್ತಾರೆ, ಇವನ್ನು ಕೇಳಿ. ಫೈಲುಗಳು (ಅರಗಳು) ಇನ್ನೂ ಪ್ಯಾಕಿಂಗ್ ಗ್ರೀಸಿನಲ್ಲೇ ಇದ್ದರೆ ಅಲ್ಲಿ ಪ್ರಾಕ್ಟಿಕಲ್ ನಡೆಯುತ್ತಿಲ್ಲ ಎಂದು ತಿಳಿಯಿರಿ.

ಮೊದಲ ಡೆಮೊ

ಫಿಟ್ಟರ್ ಯೂನಿಟ್ಟಿಗೆ 20 ಮಕ್ಕಳು. ಮೊದಲ ಕೆಲಸ ಸಾಮಾನಿನ ಲೆಕ್ಕ. 50×10 ಎಂ.ಎಸ್. (ಮೈಲ್ಡ್ ಸ್ಟೀಲ್) ಫ್ಲಾಟಿನಲ್ಲಿ 75×48 ಮಿ.ಮೀ. ಅಳತೆಗೆ ಫೈಲ್ ಮಾಡುವ ಕೆಲಸ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ತುಂಡು 78 ಮಿ.ಮೀ., ಹ್ಯಾಕ್ಸಾ ತಿನ್ನುವುದಕ್ಕೆ 2 ಮಿ.ಮೀ. ಸೇರಿಸಿ 80. 20 ತುಂಡಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಬೇಡಿ, 24ಕ್ಕೆ ಹಾಕಿ. ಮೊದಲ ವಾರ ಮೂರು ನಾಲ್ಕು ತುಂಡು ಹಾಳಾಗಿಯೇ ಆಗುತ್ತವೆ, ಡೆಮೊಗೆ ಒಂದು ಬೇಕು. ಅಂದರೆ ಸುಮಾರು 2 ಮೀಟರ್ ಫ್ಲಾಟ್, ತೂಕದಲ್ಲಿ 8 ಕಿಲೋ ಹತ್ತಿರ.

ಪಾಠದ ಕ್ರಮ ನಾಲ್ಕು ಹೆಜ್ಜೆ: ಸಿದ್ಧತೆ, ಮಂಡನೆ, ಅನ್ವಯ, ಪರೀಕ್ಷೆ. ಹೊಸಬರು ಎರಡನೆಯದರಲ್ಲೇ ಮುಕ್ಕಾಲು ಗಂಟೆ ಕಳೆಯುತ್ತಾರೆ. ಡೆಮೊ 15 ನಿಮಿಷ ದಾಟಿದರೆ ಹಿಂದಿನ ಸಾಲಿನವರು ಕಿಟಕಿ ನೋಡುತ್ತಾರೆ. 20 ಜನರನ್ನು ಒಂದೇ ವೈಸಿನ ಸುತ್ತ ನಿಲ್ಲಿಸಬೇಡಿ, ಹತ್ತು ಹತ್ತು ಮಂದಿಯಾಗಿ ಎರಡು ಸಲ ಮಾಡಿ. ನಿಮ್ಮ ಎದುರಿಗೆ ನಿಂತವರಿಗೆ ಎಡ ಬಲ ತಿರುಗಿ ಕಾಣುತ್ತದೆ, ಆದ್ದರಿಂದ ನಿಮ್ಮ ಹಿಂದೆ ಮತ್ತು ಪಕ್ಕದಲ್ಲಿ ಅರ್ಧ ಚಂದ್ರಾಕಾರವಾಗಿ ನಿಲ್ಲಿಸಿ. ಮೊದಲು ಏನೂ ಮಾತಾಡದೆ ಮಾಮೂಲಿ ವೇಗದಲ್ಲಿ ಒಮ್ಮೆ ಮಾಡಿ ತೋರಿಸಿ. ಎರಡನೇ ಸಲ ನಿಧಾನವಾಗಿ, ಪ್ರತಿ ಹಂತದ ಹೆಸರು ಹೇಳುತ್ತಾ ಮಾಡಿ. ಮೂರನೇ ಸಲ ನೀವು ಮಾಡಿ, ಹೇಳುವುದು ಮಕ್ಕಳಲ್ಲಿ ಒಬ್ಬರಾಗಲಿ. ಅವರು ಮರೆತ ಹಂತ ಯಾವುದೋ ಅದೇ ನೀವು ಸರಿಯಾಗಿ ತೋರಿಸದ ಹಂತ.

ಫೈಲಿಂಗ್‌ನಲ್ಲಿ ಬರುವ ದೂರು ಬಹುತೇಕ ಒಂದೇ: ಮೇಲ್ಮೈ ನಡುವೆ ಉಬ್ಬಿ, ಎರಡೂ ಅಂಚು ಇಳಿದಿರುತ್ತದೆ. ಮಗು ಶ್ರಮಪಟ್ಟಿಲ್ಲ ಎಂದು ಗದರಬೇಡಿ, ಕಾರಣ ಹುಡುಕಿ. ಮೊದಲು ವೈಸಿನ ಎತ್ತರ. ನೆಟ್ಟಗೆ ನಿಂತು ಮುಷ್ಟಿಯನ್ನು ಗಲ್ಲಕ್ಕೆ ಇಟ್ಟಾಗ ಮೊಣಕೈ ವೈಸಿನ ದವಡೆಯ ಮೇಲ್ಭಾಗಕ್ಕೆ ತಾಗಬೇಕು. ಗಿಡ್ಡ ಇರುವವರಿಗೆ ಕಾಲಡಿಗೆ ಹಲಗೆ ಕೊಡಿ, ಇಲ್ಲದಿದ್ದರೆ ಅವರು ಭುಜದಿಂದ ತೂಗಾಡುತ್ತಾರೆ. ಆಮೇಲೆ ಒತ್ತಡ. ಬಲಗೈ ಹಿಡಿಯಲ್ಲಿರುವವರು ಸ್ಟ್ರೋಕಿನ ಶುರುವಿಗೆ ಎಡಗೈ ಒತ್ತಡ ಹೆಚ್ಚಿಡಬೇಕು, ನಡುವೆ ಸಮ, ಕೊನೆಗೆ ಬಲಗೈ ಹೆಚ್ಚು. ಉದ್ದಕ್ಕೂ ಒಂದೇ ಒತ್ತಡ ಹಾಕಿದರೆ ಫೈಲು ತೊಟ್ಟಿಲಿನಂತೆ ತೂಗಿ ಅಂಚು ತಿನ್ನುತ್ತದೆ. ಹಿಂದೆಳೆಯುವಾಗ ಒತ್ತಡ ಬೇಡ, ಹಲ್ಲು ಮೊಂಡಾಗುತ್ತದೆ. ಹಿಡಿ ಇಲ್ಲದ ಫೈಲನ್ನು ಯಾರ ಕೈಗೂ ಕೊಡಬೇಡಿ. ಹಿಂಬದಿಯ ಮೊನೆ ಅಂಗೈಗೆ ನಾಟುತ್ತದೆ.

ಹ್ಯಾಕ್ಸಾ ಬ್ಲೇಡ್ ದಿನಕ್ಕೆ ಡಜನ್ ಮುರಿಯುತ್ತಿದ್ದರೆ ಪಿಚ್ (ಹಲ್ಲಿನಿಂದ ಹಲ್ಲಿಗಿರುವ ಅಂತರ) ನೋಡಿ. ಟೊಳ್ಳಿಲ್ಲದ ದಪ್ಪ ಎಂ.ಎಸ್. ತುಂಡಿಗೆ 1.8 ಮಿ.ಮೀ. ಪಿಚ್, ಕಂಡ್ಯೂಟ್ ಪೈಪು, ತಗಡಿಗೆ 0.8. ದಪ್ಪ ಹಲ್ಲಿನ ಬ್ಲೇಡನ್ನು ತೆಳು ಪೈಪಿಗೆ ಹಾಕಿದರೆ ಗೋಡೆ ಎರಡು ಹಲ್ಲಿನ ನಡುವೆ ಸಿಕ್ಕಿ ಹಲ್ಲು ಉದುರುತ್ತದೆ.

ಎಲೆಕ್ಟ್ರಿಷಿಯನ್ ಕಲಿಸುವವರಿಗೆ ಒಂದೇ ಮಾತು. ಮಕ್ಕಳು ಮಾಡಿದ ವೈರಿಂಗನ್ನು ನೇರ ಸಪ್ಲೈಗೆ ಕೊಡಬೇಡಿ, ಮೊದಲು ಸೀರೀಸ್ ಬೋರ್ಡಿನ ಮೂಲಕ ಕೊಡಿ. ಸೀರೀಸ್‌ನಲ್ಲಿರುವ 100 ವ್ಯಾಟ್ ಬಲ್ಬು ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ. ಫ್ಯೂಸೂ ಹೋಗುವುದಿಲ್ಲ, ಯಾರೂ ಬೆಚ್ಚುವುದಿಲ್ಲ, ತಪ್ಪನ್ನು ಮಕ್ಕಳೇ ಹುಡುಕುತ್ತಾರೆ. ಬೋರ್ಡಿನ ಟರ್ಮಿನಲ್‌ಗಳಲ್ಲಿ ಆಗಲೂ ಕರೆಂಟ್ ಇರುತ್ತದೆ, ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿಸಿ.

ಭಾಷೆಯ ವಿಷಯದಲ್ಲಿ ನಾಚಿಕೆ ಬೇಡ. ಕನ್ನಡ ಮಾಧ್ಯಮದಿಂದ ಬಂದವರಿಗೆ ವಿವರಣೆ ಪೂರ್ತಿ ಕನ್ನಡದಲ್ಲೇ ಇರಲಿ, ಉಪಕರಣದ ಹೆಸರು ಮಾತ್ರ ಇಂಗ್ಲಿಷಿನದೇ ಇರಲಿ ಮತ್ತು ಎರಡೂ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ನಾಳೆ ಕಾರ್ಖಾನೆಯಲ್ಲಿ ಅವರಿಗೆ ಬೇಕಾಗುವುದು ಆ ಹೆಸರುಗಳೇ.

ಹಾಜರಿ, ಅಂಕ, ಕೈಗಾರಿಕೆ

ಅಂತಿಮ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು. ನಮ್ಮ ಜಿಲ್ಲೆಯಲ್ಲಿ ಇದು ಎರಡು ಕಾಲದಲ್ಲಿ ಕುಸಿಯುತ್ತದೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಬಸ್ಸು ತಡವಾಗುತ್ತದೆ. ನವೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ತೋಟದ ಮನೆಗಳ ಮಕ್ಕಳು ಕೂಲಿಗೆ ಹೋಗುತ್ತಾರೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಬರುತ್ತದೆ, ಫೆಬ್ರವರಿ ದಾಟುತ್ತದೆ. ಅಕ್ಟೋಬರಿನಲ್ಲೇ ಪ್ರತಿಯೊಬ್ಬರ ಹಾಜರಿ ಶೇಕಡಾವಾರು ತೆಗೆದು ಮನೆಯವರಿಗೆ ಫೋನ್ ಮಾಡಿ, ಎಷ್ಟು ದಿನ ಉಳಿದಿದೆ ಎಂದು ಸಂಖ್ಯೆಯಲ್ಲೇ ಹೇಳಿ. ತಪ್ಪಿಹೋದ ಪ್ರಾಕ್ಟಿಕಲ್‌ಗೆ ಶನಿವಾರ ಮಧ್ಯಾಹ್ನ ಮೀಸಲಿಡಿ.

ಪ್ರಾಕ್ಟಿಕಲ್ ಮತ್ತು ವರ್ಷವಿಡೀ ನಡೆಯುವ ಫಾರ್ಮೇಟಿವ್ ಅಸೆಸ್‌ಮೆಂಟಿಗೆ ಮಕ್ಕಳು ಶೇ. 60 ಪಡೆಯಬೇಕು, ಉಳಿದವಕ್ಕೆ ಶೇ. 33. ಪ್ರತಿ ಕೆಲಸದ ಅಂಕವನ್ನು ಅದೇ ದಿನ, ತುಂಡನ್ನು ಎದುರಿಗಿಟ್ಟುಕೊಂಡು, ವರ್ನಿಯರ್ ಹಿಡಿದು ಹಾಕಿ. ವರ್ಷದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ತುಂಬುವುದು ಸುಳ್ಳು ದಾಖಲೆ, ಮಕ್ಕಳಿಗೂ ಅನ್ಯಾಯ.

ವರ್ಷಕ್ಕೆ 150 ಗಂಟೆ ಕೈಗಾರಿಕೆಯಲ್ಲಿ ಕೆಲಸದ ತರಬೇತಿ ಇದೆ. ಅವಕಾಶ ಸಿಗದಿದ್ದರೆ ಗುಂಪು ಪ್ರಾಜೆಕ್ಟ್ ಮಾಡಿಸಬೇಕು. ಪ್ರಾಜೆಕ್ಟಿಗೆ ತೃಪ್ತರಾಗಬೇಡಿ. ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಘಟಕಗಳು, ಕಾಫಿ ಕ್ಯೂರಿಂಗ್ ವರ್ಕ್ಸ್, ಕೆಎಸ್‌ಆರ್‌ಟಿಸಿ ಕಾರ್ಯಾಗಾರ, ಎಲೆಕ್ಟ್ರಿಷಿಯನ್‌ಗಳಿಗೆ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ: ಇಲ್ಲೆಲ್ಲ ಬ್ಯಾಚ್ ಸೇರಿದ ಎರಡನೇ ತಿಂಗಳಲ್ಲೇ ಪತ್ರ ಕೊಡಿ. ಕ್ಯೂರಿಂಗ್ ವರ್ಕ್ಸ್‌ನವರು ಸೀಸನ್‌ನಲ್ಲಿ ಬಿಡುವಿಲ್ಲದೆ ಇರುತ್ತಾರೆ, ಯಂತ್ರ ಬಿಚ್ಚಿ ರಿಪೇರಿ ಮಾಡುವ ಮಳೆಗಾಲದ ತಿಂಗಳುಗಳನ್ನೇ ಕೇಳಿ. ಐದೈದು ಮಕ್ಕಳನ್ನು ಕಳಿಸಿ, ದಿನಚರಿ ಪುಸ್ತಕಕ್ಕೆ ಅಲ್ಲಿನ ಮೇಲ್ವಿಚಾರಕರ ಸಹಿಯನ್ನು ವಾರವಾರವೂ ಹಾಕಿಸಿಕೊಂಡು ಬರಲು ಹೇಳಿ.