ಏಳು ಮೀಟರ್ ರಸ್ತೆ, ಪಕ್ಕದ ಬಾಗಿಲು: ತುಮಕೂರಿನ ಅಂಚಿನಲ್ಲಿ ನಾನು ಲೆಕ್ಕ ಹಾಕುವ ಬಗೆ

ಊರಂಚಿನ ಯಾವ ರಸ್ತೆಯ ಕೆಲಸಕ್ಕೆ ಕೂತರೂ ನಾನು ಮೊದಲು ಬಿಚ್ಚುವುದು ಗ್ರಾಮ ನಕ್ಷೆ. ವಾಹನ ಎಣಿಕೆ ಆಮೇಲೆ. ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳು ಚುಕ್ಕೆಗೆರೆಯಲ್ಲಿರುತ್ತವೆ. ಪಹಣಿಯಲ್ಲಿ ಬಿ ಖರಾಬು ಎಂದು ಬಂದಿದ್ದರೆ ಆ ದಾರಿ ಸಾರ್ವಜನಿಕರದ್ದು. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿ ನೋಡಿಕೊಂಡು, ಉಪಗ್ರಹ ಚಿತ್ರದ ಮೇಲೆ ಈ ದಾರಿಗಳನ್ನು ಕೆಂಪು ಗೆರೆಯಲ್ಲಿ ಎಳೆಯುತ್ತೇನೆ. ಗೆರೆ ತೆಂಗಿನ ತೋಟದೊಳಗೆ ಮಾಯವಾದ ಕಡೆಗೆಲ್ಲ ಖುದ್ದಾಗಿ ಹೋಗಬೇಕು. ಮೊಬೈಲಿನ ಗಡಿ ಆಚೀಚೆ ಆಗುತ್ತದೆ, ಅಳತೆಗೆ ಸರ್ವೆಯರೇ ಬರಬೇಕು.

ಎರಡನೆಯದು ಬಾಗಿಲೆಣಿಕೆ. ಪ್ರತಿ 100 ಮೀಟರಿಗೆ ರಸ್ತೆಗೆ ನೇರವಾಗಿ ತೆರೆದ ಗೇಟು, ಅಂಗಡಿ, ಅಡ್ಡರಸ್ತೆ ಎಷ್ಟು, ನಿಂತ ಗಾಡಿ ಎಷ್ಟು ಎಂದು ಬರೆದುಕೊಳ್ಳುತ್ತೇನೆ. ಹಲವರು ಇದನ್ನು ಬಿಟ್ಟೇಬಿಡುತ್ತಾರೆ. ಆದರೆ ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ 106ನೇ ಕೈಪಿಡಿ ನೋಡಿ: ಎರಡೂ ದಿಕ್ಕಿಗೆ ವಾಹನ ಓಡುವ ದ್ವಿಪಥ ರಸ್ತೆಯ ಪಕ್ಕಕ್ಕೆ ಬಾಗಿಲೇ ಇಲ್ಲದಿದ್ದರೆ ಗಂಟೆಗೆ 1500 ಪಿಸಿಯು ಸಾಗಬಹುದು (ಪಿಸಿಯು ಎಂದರೆ ಎಲ್ಲ ವಾಹನವನ್ನೂ ಕಾರಿನ ಲೆಕ್ಕಕ್ಕೆ ತಂದ ಅಳತೆ, ಒಂದು ಕಾರಿಗೆ 1). ಬಾಗಿಲಿದ್ದು, ವಾಹನ ನಿಲ್ಲದಿದ್ದರೆ 1200. ಬಾಗಿಲೂ ಇದ್ದು, ಗಾಡಿಗಳೂ ನಿಂತು, ಅಡ್ಡಓಡಾಟವೂ ಇದ್ದರೆ 900. ಡಾಂಬರು ಅದೇ, ಅಗಲವೂ ಅದೇ ಏಳು ಮೀಟರ್. ಅಂಗಡಿ ಸಾಲು 600 ನುಂಗಿತು. ಅಗಲ ಮಾಡಿದರೆ ಸರಿಹೋಗುತ್ತದೆ ಎನ್ನುವವರಿಗೆ ನಾನು ಈ ಮೂರು ಅಂಕಿ ತೋರಿಸುತ್ತೇನೆ. ರಸ್ತೆ ಅಗಲವಾದರೆ ಪಕ್ಕದ ಜಮೀನಿನ ಬೆಲೆ ಏರುತ್ತದೆ, ಮಳಿಗೆ ಏಳುತ್ತದೆ, ಹೊಸ ಪಥವೂ ಪಾರ್ಕಿಂಗ್ ಆಗುತ್ತದೆ.

ಇನ್ನು ಲೇಔಟ್ ಲೆಕ್ಕ. ಹತ್ತು ಎಕರೆ ರಾಗಿ ಹೊಲ ವಸತಿಗೆ ಪರಿವರ್ತನೆಯಾಯಿತು ಎನ್ನಿ. ನೂರಕ್ಕೆ 55 ಭಾಗ ನಿವೇಶನವೆಂದು ಹಿಡಿದರೆ 30×40ರ ಸುಮಾರು 200 ಸೈಟು. ಮೇಲೊಂದು ಕೆಳಗೊಂದು ಮನೆಯಾದರೆ 400 ಸಂಸಾರ. ಬೆಳಗಿನ ದಟ್ಟಣೆಯ ಗಂಟೆಯಲ್ಲಿ ಮನೆಗೊಂದು ಬೈಕ್ ಹೊರಟರೂ, ಬೈಕಿಗೆ 0.75ರಂತೆ 300 ಪಿಸಿಯು. ಅಂದರೆ ಆ 900ರಲ್ಲಿ ಮೂರನೇ ಒಂದು ಪಾಲು ಒಂದೇ ಲೇಔಟಿಗೆ. ಕಡತ ಒಂದೊಂದೇ ಸರ್ವೆ ನಂಬರಿಗೆ ಬರುವುದರಿಂದ ಈ ಮೊತ್ತ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲೇ ಇನ್ನೊಂದು ಎಡವಟ್ಟು. ಪ್ರತಿ ಲೇಔಟಿನ 9 ಮೀಟರ್ ರಸ್ತೆ ತನ್ನ ಕಾಂಪೌಂಡಿಗೆ ಬಂದು ಮುಗಿಯುತ್ತದೆ. ಪಕ್ಕದ ಬೀದಿಗೆ ಹೋಗಲೂ ಮುಖ್ಯರಸ್ತೆಗೇ ಇಳಿಯಬೇಕು. ಮೊದಲೇ ಎಳೆದ ಕೆಂಪು ಗೆರೆ ಆಗ ಕೆಲಸಕ್ಕೆ ಬರುತ್ತದೆ: ಬಂಡಿದಾರಿಯ ಎರಡೂ ಬದಿಯ ಲೇಔಟುಗಳಿಂದ ಸಮನಾಗಿ ಜಾಗ ಬಿಡಿಸಿದರೆ ಅದೇ ಸಂಪರ್ಕ ರಸ್ತೆ. ಒಂದು ಬದಿಯಲ್ಲಿ ಮನೆ ಎದ್ದ ಮೇಲೆ ಈ ಮಾತು ನಡೆಯುವುದಿಲ್ಲ.

ವಾಹನ ಎಣಿಕೆಗೆ ಹದಿನೈದು ನಿಮಿಷದ ಹಾಳೆ, ಬೆಳಗ್ಗೆ 6ರಿಂದ ರಾತ್ರಿ 10 ಎಂಬುದು ರೂಢಿ. ಶಿರಾ ಕಡೆಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಂಥ ಕಡೆ ಇದು ಮೋಸ. 6, 2, 10ರ ಪಾಳಿಯಿದ್ದರೆ ಬೆಳಗಿನ ಪಾಳಿಯವರು ಎಣಿಕೆಗೆ ಮುಂಚೆಯೇ ಒಳಗೆ ಹೋಗಿರುತ್ತಾರೆ, ಮಧ್ಯಾಹ್ನದ ಪಾಳಿಯವರು ಎಣಿಕೆ ಮುಗಿದ ಮೇಲೆ ಹೊರಗೆ ಬರುತ್ತಾರೆ. ಐದಕ್ಕೆ ಶುರುಮಾಡಿ, ಹನ್ನೊಂದರವರೆಗೆ ಕೂರಿಸಬೇಕು. ಕ್ಯಾತ್ಸಂದ್ರದ ಕಡೆಯಾದರೆ ಶಿವರಾತ್ರಿ ಸುಮಾರಿನ ಸಿದ್ಧಗಂಗೆ ಜಾತ್ರೆಯ ದಿನಗಳು ಬೇಡ.

ಹೆದ್ದಾರಿ ಪಕ್ಕದ ಜಮೀನಿಗೆ ನನ್ನ ಟಿಪ್ಪಣಿ ಎರಡೇ ಸಾಲು. ಊರ ಹೊರಗೆ ರಸ್ತೆಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಬೇಡ. ಬಾಗಿಲು ಸರ್ವಿಸ್ ರಸ್ತೆಗಿರಲಿ, ಸರ್ವಿಸ್ ರಸ್ತೆ ಇಲ್ಲದ ಕಡೆ ಹಿಂಬದಿಯ ದಾರಿಗಿರಲಿ.