ಪುಕ್ಕಟೆ ವಿಂಡೋಸ್ ಮತ್ತು ಪೇಜ್‌ಮೇಕರ್‌ನ ಹಠ

ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರುಗಳಲ್ಲಿ ವಿಂಡೋಸ್ 7, 10 ಮತ್ತು 11 ಮೂರೂ ಇವೆ. ಕಂಪ್ಯೂಟರ್ ಬಲ್ಲ ಗಿರಾಕಿಗಳು ಇದನ್ನು ಕಂಡು ನಗುತ್ತಾರೆ. ‘ಎಲ್ಲಕ್ಕೂ ಹೊಸದನ್ನೇ ಹಾಕಿಬಿಡಿ ಸರ್, ಪುಕ್ಕಟೆ ಸಿಗುತ್ತದಲ್ಲ’ ಎನ್ನುತ್ತಾರೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿಯವನೇ ನಾನೂ. ಪ್ರಚಾರಕ್ಕೆಂದು ಕೊಟ್ಟ ತಂತ್ರಾಂಶ, ರಿಯಾಯಿತಿ ದರದ ಆವೃತ್ತಿ, ಪರೀಕ್ಷೆಗೆಂದು ಬಿಟ್ಟ ವಿಂಡೋಸ್, ಅಂಚೆಯಲ್ಲಿ ಬಂದ ಸಿಡಿ, ಯಾವುದನ್ನೂ ಬೇಡವೆಂದಿಲ್ಲ. ಆದರೆ ಪಡೆಯುವುದು ಒಂದು, ದುಡಿಯುವ ಯಂತ್ರಕ್ಕೆ ಅದನ್ನು ಹಾಕುವುದು ಇನ್ನೊಂದು. ಹಾಕುವ ಮುನ್ನ ಅಂಗಡಿಯಲ್ಲಿರುವ ಎಲ್ಲಕ್ಕಿಂತ ಹಳೆಯ ವಸ್ತುವಿನ ಒಪ್ಪಿಗೆ ಬೇಕು.

ನಮ್ಮಲ್ಲಿ ಆ ಹಿರಿಯ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಒತ್ತು, ಕೊಂಬು, ದೀರ್ಘಗಳ ತುಂಡುಗಳನ್ನು ಕೂರಿಸಿದ ನುಡಿಯ ಹಳೆಯ ಫಾಂಟುಗಳಿದ್ದರೆ ಮಾತ್ರ ಕನ್ನಡ ತೋರಿಸುತ್ತದೆ. ಹೊಸದಕ್ಕೆ ಹೋಗಬಾರದೇ ಎಂದರೆ, ‘ಹಿರಿಯ ಮಗನದ್ದು ಮಾಡಿಕೊಟ್ಟಿದ್ದಿರಲ್ಲ, ಅದರಂತೆಯೇ ಕಿರಿಯವನದ್ದೂ ಆಗಲಿ, ಹೆಸರು ಮುಹೂರ್ತ ಬದಲಿಸಿದರೆ ಸಾಕು’ ಎಂದು ಲಗ್ನಪತ್ರಿಕೆ ಹಿಡಿದು ಬರುವ ಯಜಮಾನರು ಇನ್ನೂ ಇದ್ದಾರೆ. ಆ ಕಡತಗಳೆಲ್ಲ ಪೇಜ್‌ಮೇಕರ್‌ನಲ್ಲಿವೆ. ಅದರ ಜೊತೆಗೆ ಕಂಪ್ಯೂಟರಿನ ಹಿಂಭಾಗದ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಒಂದು ಡಾಂಗಲ್ ಇದೆ. ದುಡ್ಡು ಕೊಟ್ಟು ಕೊಂಡ ಅಕ್ಷರ ತಂತ್ರಾಂಶವೊಂದರ ಬೀಗದ ಕೈ ಅದು. ಅದಿಲ್ಲದಿದ್ದರೆ ತಂತ್ರಾಂಶ ತೆರೆಯುವುದಿಲ್ಲ. ಇನ್ನೊಂದು ಸ್ಕ್ಯಾನರ್, ಅದನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್ ಎಂಬ ತಂತ್ರಾಂಶ 7ಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿಗೇ ಮುಗಿದುಹೋಯಿತು, ಗಾಜಿನ ಮೇಲೆ ಮಾತ್ರ ಇಂದಿಗೂ ಒಂದು ಗೀರಿಲ್ಲ.

2009ರಲ್ಲಿ ವಿಂಡೋಸ್ 7 ಮಾರುಕಟ್ಟೆಗೆ ಬರುವ ಮೊದಲು ಮೈಕ್ರೋಸಾಫ್ಟ್ ಅದರ ‘ರಿಲೀಸ್ ಕ್ಯಾಂಡಿಡೇಟ್’ ಅನ್ನು, ಅಂದರೆ ಅಂತಿಮಕ್ಕೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು, ಮೇ ತಿಂಗಳಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಎರಡು ಜಿಬಿಗೂ ಮೀರಿದ ಕಡತ. ಆ ಕಾಲದಲ್ಲಿ ಬಿಎಸ್‌ಎನ್‌ಎಲ್‌ನ ಕೆಲವು ಬ್ರಾಡ್‌ಬ್ಯಾಂಡ್ ಯೋಜನೆಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕವಿರಲಿಲ್ಲ. ಡೌನ್‌ಲೋಡ್ ತಂತ್ರಾಂಶಕ್ಕೆ ಎರಡು ಗಂಟೆಗೆ ಶುರುಮಾಡಿ ಎಂಟರೊಳಗೆ ನಿಲ್ಲಿಸುವಂತೆ ಸಮಯ ಕೊಟ್ಟು ಮಲಗುವುದು, ಮರುದಿನ ಮುಂದುವರಿಸುವುದು. ಹಳೆಯ ಬಗೆಯ 32 ಬಿಟ್ ಮತ್ತು ಹೊಸ ಬಗೆಯ 64 ಬಿಟ್ ಎರಡನ್ನೂ ಹೀಗೆ ತಂದಿಟ್ಟುಕೊಂಡೆ.

ಅದನ್ನು ದಿನದ ಕೆಲಸಕ್ಕೆ ಬಳಸಲಿಲ್ಲ, ಪರೀಕ್ಷೆಗೆ ಇಟ್ಟುಕೊಂಡೆ. ಡಿಸ್ಕಿನಲ್ಲಿ ಬೇರೆ ಭಾಗ ಮಾಡಿ ಅಲ್ಲಿ ಹಾಕಿದೆ. ಎಕ್ಸ್‌ಪಿ ತನ್ನ ಜಾಗದಲ್ಲಿ ತಾನಿತ್ತು. ಈ ಎಚ್ಚರಕ್ಕೆ ಕಾರಣ ಷರತ್ತಿನಲ್ಲೇ ಇತ್ತು. 2010ರ ಮಾರ್ಚ್ 1ರಿಂದ ಅದು ಎರಡೆರಡು ಗಂಟೆಗೊಮ್ಮೆ ತಾನಾಗಿ ಬಂದ್ ಆಗುತ್ತದೆ, ಜೂನ್ 1ಕ್ಕೆ ಅವಧಿ ಮುಗಿಯುತ್ತದೆ ಎಂದು ಮೊದಲೇ ಹೇಳಿದ್ದರು. ಅದರ ಮೇಲೆಯೇ ಅಂತಿಮ ಆವೃತ್ತಿಯನ್ನು ಹಾಕಿ ಮುಂದುವರಿಯುವ ದಾರಿಯನ್ನೂ ಕೊಟ್ಟಿರಲಿಲ್ಲ, ಹೊಸದಾಗಿ ಹಾಕಬೇಕಿತ್ತು. ಯುಗಾದಿ ಕಳೆದರೆ ಲಗ್ನದ ಹಂಗಾಮು. ಆ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಮಲಗುವ ಯಂತ್ರವನ್ನು ಇಟ್ಟುಕೊಂಡರೆ ಮುಹೂರ್ತ ಮುಗಿದ ಮೇಲೆ ಪತ್ರಿಕೆ ಕೊಡಬೇಕಾಗುತ್ತದೆ. ಪುಕ್ಕಟೆ ಏನೇ ಬಂದರೂ ನಾನು ಮೊದಲು ಹುಡುಕುವುದು ಆ ಒಂದು ಸಾಲನ್ನು: ಅವಧಿ ಮುಗಿದ ಮರುದಿನ ಏನಾಗುತ್ತದೆ? ತಾನಾಗಿ ನಿಲ್ಲುತ್ತದೆಯೇ, ಹೊಸ ತಿದ್ದುಪಡಿಗಳು ಮಾತ್ರ ನಿಲ್ಲುತ್ತವೆಯೇ, ನನ್ನ ಕಡತಗಳು ಬೇರೆಲ್ಲಾದರೂ ತೆರೆಯುತ್ತವೆಯೇ?

ಪರೀಕ್ಷೆ ಸರಳವಾಗಿತ್ತು. 64 ಬಿಟ್‌ನಲ್ಲಿ ಡಾಂಗಲ್‌ನ ಡ್ರೈವರ್ ಒಳಗೆ ಹೋಗಲೇ ಇಲ್ಲ; ಅಧಿಕೃತ ಡಿಜಿಟಲ್ ಸಹಿ ಇಲ್ಲದ ಡ್ರೈವರ್‌ಗಳನ್ನು 64 ಬಿಟ್ ವಿಂಡೋಸ್ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. 32 ಬಿಟ್‌ನಲ್ಲಿ ಒಂದು ಎಚ್ಚರಿಕೆ ತೋರಿಸಿ ಒಪ್ಪಿಕೊಂಡಿತು. ಪೇಜ್‌ಮೇಕರ್ ತೆರೆಯಿತು, ಹಳೆಯ ಪತ್ರಿಕೆಯೊಂದು ಗಣಪತಿಯ ಚಿತ್ರದಿಂದ ಹಿಡಿದು ‘ನಮ್ಮ ಮಾಮಾನ ಮದುವೆಗೆ ತಪ್ಪದೇ ಬನ್ನಿ’ವರೆಗೆ ಸಾಲು ಕದಲದೆ ಬಂತು. ಸ್ಕ್ಯಾನರ್ ಮಾತ್ರ ಎರಡರಲ್ಲೂ ಓಡಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಉಚಿತ ಆವೃತ್ತಿ ‘ಅಲ್ಟಿಮೇಟ್’ ಆಗಿತ್ತು, ಎಲ್ಲ ಸೌಲಭ್ಯಗಳೂ ಇದ್ದದ್ದು. ಪ್ರಚಾರಕ್ಕೆ ಕೊಡುವಾಗ ಅತ್ಯುತ್ತಮವಾದದ್ದನ್ನೇ ಕೊಡುತ್ತಾರೆ. ಅಂಗಡಿಗೆ ಕೊಳ್ಳಲು ಹೋದಾಗ ಸಿಗುವುದು ಬೇರೆ. ನಮ್ಮ ದೇಶದಂಥ ಮಾರುಕಟ್ಟೆಗಳಿಗೆಂದೇ ‘ಹೋಮ್ ಬೇಸಿಕ್’ ಎಂಬ ಕಡಿಮೆ ಬೆಲೆಯದ್ದಿತ್ತು. ಚಿಕ್ಕ ಲ್ಯಾಪ್‌ಟಾಪುಗಳಿಗೆ ‘ಸ್ಟಾರ್ಟರ್’ ಇತ್ತು. ಅದರಲ್ಲಿ ಪರದೆಯ ಹಿನ್ನೆಲೆ ಚಿತ್ರವನ್ನು ಬದಲಿಸುವುದಕ್ಕೂ ಬಿಡುತ್ತಿರಲಿಲ್ಲ. ಹೋಮ್ ಪ್ರೀಮಿಯಂನಲ್ಲಿ ಗಾಜಿನಂಥ ಕಿಟಕಿಗಳಿದ್ದವು. ನನಗೆ ಬೇಕಾಗಿದ್ದು ಕಿಟಕಿಯ ಗಾಜಲ್ಲ, ಸ್ಕ್ಯಾನರ್‌ನ ಗಾಜು.

ಅದಕ್ಕೆ ಉಪಾಯ ‘ಎಕ್ಸ್‌ಪಿ ಮೋಡ್’ ಆಗಿತ್ತು. ವಿಂಡೋಸ್ 7ರ ಪ್ರೊಫೆಷನಲ್ ಅಥವಾ ಅಲ್ಟಿಮೇಟ್ ಕೊಂಡವರಿಗೆ ಮೈಕ್ರೋಸಾಫ್ಟ್ ಒಂದು ಪೂರ್ತಿ ಎಕ್ಸ್‌ಪಿಯನ್ನು, ಪರವಾನಗಿ ಸಮೇತ, ಉಚಿತವಾಗಿ ಇಳಿಸಿಕೊಳ್ಳಲು ಕೊಡುತ್ತಿತ್ತು. ಅದು 7ರೊಳಗೆ ಒಂದು ಕಿಟಕಿಯಲ್ಲಿ ಓಡುತ್ತದೆ. ಯುಎಸ್‌ಬಿ ಸಾಧನವನ್ನು ಅದರ ಕೈಗೆ ಒಪ್ಪಿಸಬಹುದು. ಮೇಲಿನ ಪಟ್ಟಿಯಲ್ಲಿ ‘ಯುಎಸ್‌ಬಿ’ ಒತ್ತಿ ಸ್ಕ್ಯಾನರ್‌ನ ಹೆಸರನ್ನು ಆರಿಸಿದರೆ ಸಾಧನ ಹೊಸ ವಿಂಡೋಸ್‌ನಿಂದ ಕಳಚಿ ಹಳೆಯದಕ್ಕೆ ಹೋಗಿ ಸೇರುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಪ್ಯಾರಲಲ್ ಪೋರ್ಟನ್ನು ಮಾತ್ರ ಅದು ಕಾಣುವುದಿಲ್ಲ. ಆದ್ದರಿಂದ ಡಾಂಗಲ್ ಹೊರಗಿನ 7ರಲ್ಲಿ, ಸ್ಕ್ಯಾನರ್ ಒಳಗಿನ ಎಕ್ಸ್‌ಪಿಯಲ್ಲಿ. 32 ಬಿಟ್ ಪ್ರೊಫೆಷನಲ್ ಕೊಂಡೆ. ಹೋಮ್ ಪ್ರೀಮಿಯಂಗಿಂತ ಹೆಚ್ಚು ತೆತ್ತದ್ದು ಈ ಒಂದು ಉಚಿತ ವಸ್ತುವಿಗಾಗಿ. ಹೊಸ ಸ್ಕ್ಯಾನರ್‌ನ ಬೆಲೆಗೆ ಹೋಲಿಸಿದರೆ ಲಾಭವೇ. 7ಕ್ಕೆ 2020ರ ಜನವರಿ 14ಕ್ಕೆ ಬೆಂಬಲ ಮುಗಿದ ಮೇಲೆ ಆ ಯಂತ್ರದ ಇಂಟರ್ನೆಟ್ ತಂತಿಯನ್ನು ಕಿತ್ತುಹಾಕಿದ್ದೇನೆ. ಕಡತಗಳು ಪೆನ್ ಡ್ರೈವ್‌ನಲ್ಲಿ ಹೋಗಿ ಬರುತ್ತವೆ, ಪ್ರತಿ ಬಾರಿಯೂ ಇನ್ನೊಂದು ಯಂತ್ರದಲ್ಲಿ ವೈರಸ್ ತಪಾಸಣೆ ಆದ ಮೇಲೆ.

ವಿಂಡೋಸ್ 8ರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2012ರ ಅಕ್ಟೋಬರ್‌ನಿಂದ 2013ರ ಜನವರಿ 31ರವರೆಗೆ ಪ್ರೊ ಆವೃತ್ತಿಯ ಅಪ್‌ಗ್ರೇಡ್ 1,999 ರೂಪಾಯಿಗೆ ಸಿಗುತ್ತಿತ್ತು, ಹೊಸ ವಿಂಡೋಸ್ 7 ಕಂಪ್ಯೂಟರ್ ಕೊಂಡವರಿಗೆ 699ಕ್ಕೆ. ಅದೇ ಅವಧಿಯಲ್ಲಿ ಟಿವಿ ನೋಡಲು ಬರುವ ಮೀಡಿಯಾ ಸೆಂಟರ್ ಎಂಬ ಭಾಗದ ಕೀಯನ್ನು, ಅಂದರೆ ಸಕ್ರಿಯಗೊಳಿಸುವ ಸಂಖ್ಯೆಯನ್ನು, ಇಮೇಲ್ ಕೊಟ್ಟವರಿಗೆಲ್ಲ ಉಚಿತವಾಗಿ ಕಳುಹಿಸುತ್ತಿದ್ದರು. ಮನೆಯ ಕಂಪ್ಯೂಟರಿಗೆ ಅದನ್ನು ಹಾಕಿ ಕೆಲವು ಕಾಲ ಚೆನ್ನಾಗಿಯೇ ಟಿವಿ ನೋಡಿದೆವು. ಮುಂದೆ ಉಚಿತವಾಗಿ ಬಂದ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನೇ ತೆಗೆದಿದ್ದರು. ಒಂದು ಉಡುಗೊರೆ ಇನ್ನೊಂದನ್ನು ನುಂಗಿತು.

2013ರ ಜನವರಿಯಲ್ಲೇ ನಮ್ಮ ಕಸುಬಿನವರಲ್ಲಿ ಇನ್ನೊಂದು ಸುದ್ದಿ ಹಬ್ಬಿತು: ಅಡೋಬಿ ಕಂಪನಿ ಫೋಟೋಶಾಪ್, ಇನ್‌ಡಿಸೈನ್ ಸೇರಿದ ಸಿಎಸ್2 ಗುಚ್ಛವನ್ನು ಪುಕ್ಕಟೆ ಹಂಚುತ್ತಿದೆ! ಸೀರಿಯಲ್ ಸಂಖ್ಯೆಗಳು ಬಹಿರಂಗವಾಗಿಯೇ ಇದ್ದವು. ವಿಷಯ ಬೇರೆ ಇತ್ತು. ಹಳೆಯ ಸಿಎಸ್2ರ ಸಕ್ರಿಯಗೊಳಿಸುವ ಸರ್ವರ್‌ಗಳನ್ನು ಕಂಪನಿ ನಿಲ್ಲಿಸಿತ್ತು. ಮೊದಲೇ ಕೊಂಡವರು ಕಷ್ಟಪಡದಿರಲೆಂದು ಸರ್ವರ್ ಬೇಡದ ಪ್ರತಿಯನ್ನು ಇಟ್ಟಿತ್ತು. ಇದು ಹಳೆಯ ಗ್ರಾಹಕರಿಗೆ ಮಾತ್ರ ಎಂದು ಅದೇ ಸ್ಪಷ್ಟಪಡಿಸಿತು. ನಾನು ಇಳಿಸಲಿಲ್ಲ. ಅಂಗಡಿಯ ಯಂತ್ರಕ್ಕೆ ಪರವಾನಗಿ ಎಂಬುದು ಬಿಲ್ ಪುಸ್ತಕದಷ್ಟೇ ಮುಖ್ಯ. ‘ಇಂದು ಒಂದು ದಿನ ಮಾತ್ರ ಉಚಿತ’ ಎಂದು ಬರುವ ತಂತ್ರಾಂಶಗಳಲ್ಲೂ ಬಹಳಷ್ಟು ‘ಸ್ವಂತ, ವಾಣಿಜ್ಯೇತರ ಬಳಕೆಗೆ’ ಎಂಬ ಷರತ್ತಿನವು. ಅಂಥವು ಮಕ್ಕಳ ಕಂಪ್ಯೂಟರಿಗೆ ಹೋಗುತ್ತವೆ, ಅಂಗಡಿಗೆ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪುಕ್ಕಟೆ ವಿಂಡೋಸ್ 10. 2015ರ ಜುಲೈ 29ರಂದು ಬಿಡುಗಡೆಯಾಯಿತು, 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಉಚಿತ ಎಂದರು. ಗಡಿಯಾರದ ಪಕ್ಕದಲ್ಲಿ ಬಿಳಿ ಕಿಟಕಿಯ ಗುರುತೊಂದು ಕುಳಿತು ಕರೆಯುತ್ತಿತ್ತು. ಬೇಕು, ಆದರೆ ಪೇಜ್‌ಮೇಕರ್ ಯಂತ್ರವನ್ನು ಮುಟ್ಟುವಂತಿಲ್ಲ. ಇಲ್ಲಿ ನಾನು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕ್ರಮ ಇಂದಿಗೂ ಬೇರೆ ಸಂದರ್ಭಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಆ ಉಚಿತ ಅಪ್‌ಗ್ರೇಡ್‌ಗೆ ಕೀ ಎಂಬುದಿರಲಿಲ್ಲ. ಒಮ್ಮೆ ಅಪ್‌ಗ್ರೇಡ್ ಆಗಿ ಸಕ್ರಿಯವಾದರೆ ಕಂಪ್ಯೂಟರಿನ, ಮುಖ್ಯವಾಗಿ ಮದರ್‌ಬೋರ್ಡಿನ, ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗುತ್ತಿತ್ತು. ಹಕ್ಕು ಮದರ್‌ಬೋರ್ಡಿನದ್ದು, ಹಾರ್ಡ್ ಡಿಸ್ಕಿನದ್ದಲ್ಲ. ಹಾಗಿದ್ದ ಮೇಲೆ ಮೂಲ ಡಿಸ್ಕನ್ನು ಏಕೆ ಮುಟ್ಟಬೇಕು? ಹಳೆಯ ಹಾರ್ಡ್ ಡಿಸ್ಕೊಂದನ್ನು ಸಿಕ್ಕಿಸಿ, ಕ್ಲೋನ್‌ಜಿಲ್ಲಾ ಎಂಬ ಮುಕ್ತ ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ಓಡಿಸಿ, ಮೂಲದ ಪಡಿಯಚ್ಚು ತೆಗೆದೆ. ಇಲ್ಲಿ ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಡಿಸ್ಕಿನ ಹೆಸರಿನ ಜೊತೆಗೆ ಗಾತ್ರವನ್ನೂ ಓದಿ ಖಚಿತಪಡಿಸಿಕೊಳ್ಳಬೇಕು. ತಿರುವುಮುರುವಾದರೆ ಖಾಲಿ ಡಿಸ್ಕೇ ನಿಮ್ಮ ಕಡತಗಳ ಮೇಲೆ ಬಂದು ಕೂರುತ್ತದೆ. ಪಡಿಯಚ್ಚಾದ ಮೇಲೆ ಮೂಲ ಡಿಸ್ಕಿನ ಕೇಬಲ್ ಕಳಚಿ ಪಕ್ಕಕ್ಕಿಟ್ಟೆ. ಪಡಿಯಚ್ಚಿನಿಂದ ಯಂತ್ರ ಶುರುಮಾಡಿ ಅಪ್‌ಗ್ರೇಡ್ ನಡೆಸಿ, ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಸಕ್ರಿಯವಾಗಿದೆ ಎಂಬ ಸಾಲನ್ನು ಕಣ್ಣಾರೆ ಕಂಡ ಮೇಲೆ ಯಂತ್ರ ಬಂದ್ ಮಾಡಿ, ಮೂಲ ಡಿಸ್ಕನ್ನು ಮರಳಿ ಸಿಕ್ಕಿಸಿದೆ. ಪೇಜ್‌ಮೇಕರ್‌ಗೆ ಸುದ್ದಿಯೇ ಗೊತ್ತಾಗಲಿಲ್ಲ. ಹೀಗೆ ಅಂಗಡಿಯ ಯಂತ್ರಗಳಿಗೆಲ್ಲ 2016ರ ಜುಲೈ 29ರೊಳಗೆ ಹಕ್ಕು ಬರೆಸಿಟ್ಟೆ. ನಿಜವಾಗಿ 10ಕ್ಕೆ ಹೋದದ್ದು ನಿಧಾನವಾಗಿ, ಪ್ರತಿ ಯಂತ್ರದ ಸರದಿ ಬಂದಾಗ.

ಯಾವುದಕ್ಕೆ ಯಾವುದು ಸಿಗುತ್ತದೆ ಎಂಬುದೂ ನಿಗದಿಯಾಗಿತ್ತು. ಸ್ಟಾರ್ಟರ್, ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ ಇದ್ದವರಿಗೆ 10ರ ಹೋಮ್. ಪ್ರೊಫೆಷನಲ್, ಅಲ್ಟಿಮೇಟ್ ಇದ್ದವರಿಗೆ ಪ್ರೊ. 32 ಬಿಟ್ ಇದ್ದದ್ದು 32 ಬಿಟ್ ಆಗಿಯೇ ಬರುತ್ತಿತ್ತು. ಫ್ಲೆಕ್ಸ್ ಬ್ಯಾನರ್ ಮಾಡುವ ಯಂತ್ರಕ್ಕೆ ಅದು ಸಾಲದು. ಊರ ಜಾತ್ರೆಯ ಬ್ಯಾನರ್‌ನಲ್ಲಿ ಪದಾಧಿಕಾರಿಗಳ ಭಾವಚಿತ್ರಗಳೇ ಹತ್ತಿಪ್ಪತ್ತು ಇರುತ್ತವೆ, 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸುವುದಿಲ್ಲ. ಅಪ್‌ಗ್ರೇಡ್ ಆಗಿ ಹಕ್ಕು ದಾಖಲಾದ ಮೇಲೆ ಡಿಸ್ಕನ್ನು ಅಳಿಸಿ 64 ಬಿಟ್ ಹೊಸದಾಗಿ ಹಾಕಿದರೆ ಅದೇ ಹಕ್ಕು ಅದಕ್ಕೂ ಸಲ್ಲುತ್ತದೆ. ಹಾಗೆಯೇ ಮಾಡಿದೆ. ಅಂದಹಾಗೆ, ಗಡುವು ಮುಗಿದ ಮೇಲೂ 7ರ ಕೀಯಿಂದ 10 ಸಕ್ರಿಯವಾಗುತ್ತಲೇ ಇತ್ತು. ಆ ದಾರಿಯನ್ನು ಮುಚ್ಚಿದ್ದಾಗಿ ಮೈಕ್ರೋಸಾಫ್ಟ್ ಹೇಳಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಹಾಗೆಂದು ಗಡುವನ್ನು ನಂಬದೆ ಕೂರುವ ಧೈರ್ಯ ನನಗಿಲ್ಲ.

11ರಲ್ಲಿ ಆಯ್ಕೆಯ ತಲೆನೋವು ಕಡಿಮೆ. ಅದರಲ್ಲಿ 32 ಬಿಟ್ ಎಂಬುದೇ ಇಲ್ಲ. ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯ ಪ್ರೊಸೆಸರ್ ಬೇಕು. ನನ್ನ ಹಳೆಯ ಯಂತ್ರಗಳು ಆ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ, ನಾನು ಹಾಕಿಸಲಿಲ್ಲ. ಗಿರಾಕಿಗಳ ಇಮೇಲ್ ಮತ್ತು ವಾಟ್ಸ್‌ಆ್ಯಪ್ ನೋಡುವ ಹೊಸ ಯಂತ್ರದಲ್ಲಿ ಅದು ಕೊಳ್ಳುವಾಗಲೇ ಬಂತು, ಹೋಮ್ ಆವೃತ್ತಿ. ಪ್ರೊ ಬೇಕಾಗುವುದು ಮನೆಯಿಂದ ಅಂಗಡಿಯ ಯಂತ್ರವನ್ನು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆಯುವವರಿಗೆ. ನನ್ನ ಮನೆ ಅಂಗಡಿಯ ಹಿಂದೆಯೇ ಇದೆ. ಈಚಿನ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ತಾನಾಗಿ ಗೂಢಲಿಪಿಗೊಳ್ಳಬಹುದು. ಅದನ್ನು ಮತ್ತೆ ತೆರೆಯುವ ರಿಕವರಿ ಕೀ ಖಾತೆಯಲ್ಲಿರುತ್ತದೆ. ಅದನ್ನು ಮುದ್ರಿಸಿ ಕಂಪ್ಯೂಟರಿನ ಬಿಲ್ಲಿಗೆ ಪಿನ್ ಹೊಡೆದಿಟ್ಟಿದ್ದೇನೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೂ ಒಂದು ಪುಕ್ಕಟೆ ಬಂತು: ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳು. ಮೂವತ್ತು ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗ್‌ಗಳನ್ನು ಕ್ಲೌಡಿಗೆ ಉಳಿಸಲು ಒಪ್ಪಿದರೆ ಹಣ ಬೇಡ. 10ರ ಕೊನೆಯ ಆವೃತ್ತಿಯಾದ 22ಎಚ್2 ಇರಲೇಬೇಕು. ನಮ್ಮ ಮನೆಯ ಕಂಪ್ಯೂಟರನ್ನು ಹೀಗೆ ನೋಂದಾಯಿಸಿದೆ. ಈ ಯೋಜನೆ ವಾಣಿಜ್ಯ ಬಳಕೆಯ ಯಂತ್ರಗಳಿಗಲ್ಲ; ಹಾಗಾಗಿ ಫ್ಲೆಕ್ಸ್ ಯಂತ್ರಕ್ಕೂ 7ರ ಯಂತ್ರದ ನಿಯಮವೇ, ಇಂಟರ್ನೆಟ್ ಇಲ್ಲ. ಅದರಲ್ಲೇ ಈಗ ಬೇರೆ ಡಿಸ್ಕಿನಲ್ಲಿ ವಿಂಡೋಸ್‌ನ ಬದಲಿಗೆ ಬಳಸುವ ಉಚಿತ ಉಬುಂಟು ಹಾಕಿ, ಪುಟ ಜೋಡಿಸುವ ಉಚಿತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಯೂನಿಕೋಡ್ ಕನ್ನಡದ ಕರಪತ್ರಗಳನ್ನು ಮಾಡಿ ನೋಡುತ್ತಿದ್ದೇನೆ. ಒತ್ತಕ್ಷರ ಸರಿಯಾಗಿ ಕೂರುತ್ತದೆ, ಪಿಡಿಎಫ್ ಪ್ರೆಸ್ಸಿನಲ್ಲಿ ತಕರಾರಿಲ್ಲದೆ ತೆರೆಯುತ್ತದೆ. ಬಣ್ಣದ ಹೊಂದಾಣಿಕೆ ಇನ್ನೂ ಪರೀಕ್ಷೆಯಲ್ಲಿದೆ. ಕುಂಕುಮದ ಕೆಂಪು ಒಂದು ಪ್ರಿಂಟರಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತಿದೆ.