ಪೊಲೀಸ್ ಕೇಂದ್ರ ಕಚೇರಿಯನ್ನು ಫುಟ್‌ಪಾತ್‌ನಲ್ಲಿ ನಿಂತು ಬರೆದದ್ದು

ಆರ್ಕಿಟೆಕ್ಚರ್ ಓದುತ್ತಿರುವ ಹುಡುಗ ಹುಡುಗಿಯರು ಕರ್ನಾಟಕದಿಂದ ಆಗಾಗ ಫೋನ್ ಮಾಡಿ, ಕೇಸ್ ಸ್ಟಡಿಗೆ ಪೊಲೀಸ್ ಕಟ್ಟಡ ಆರಿಸಿಕೊಂಡರೆ ಪ್ಲಾನ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಸಿಗುವುದಿಲ್ಲ, ಸಿಗಲೂಬಾರದು. ಹಾಗೆಂದು ಆ ಕಟ್ಟಡವನ್ನು ಬಿಡಬೇಕಾಗಿಲ್ಲ. ನಾನು ಕೆಲಸ ಮಾಡುವ ಲಾಸ್ ಏಂಜಲೀಸಿನಲ್ಲಿ ಅಲ್ಲಿನ ಪೊಲೀಸ್ ಇಲಾಖೆಯ (ಎಲ್‌ಎಪಿಡಿ) ಕೇಂದ್ರ ಕಚೇರಿಯನ್ನು ಒಳಗಿನ ಒಂದು ನಕ್ಷೆಯೂ ಇಲ್ಲದೆ, ರಜೆಯ ಬೆಳಗುಗಳಲ್ಲಿ ಹೋಗಿ, ಹೊರಗೆ ನಿಂತೇ ಚಿತ್ರವಾಗಿ ಬರೆದುಕೊಂಡೆ. ಈ ಜಾತಿಯ ಕಟ್ಟಡದ ದೊಡ್ಡ ತೀರ್ಮಾನಗಳೆಲ್ಲ ರಸ್ತೆಗೂ ಗೋಡೆಗೂ ನಡುವಿನ ಜಾಗದಲ್ಲೇ ಆಗಿರುತ್ತವೆ. ಅದಷ್ಟೂ ಫುಟ್‌ಪಾತ್‌ನಿಂದಲೇ ಕಾಣುತ್ತದೆ.

ಕಟ್ಟಡ ತೆರೆದದ್ದು 2009ರ ಅಕ್ಟೋಬರಿನಲ್ಲಿ. ಹತ್ತು ಮಹಡಿ, ಸುಮಾರು 5 ಲಕ್ಷ ಚದರಡಿ. ಉತ್ತರಕ್ಕೆ ಫಸ್ಟ್ ಸ್ಟ್ರೀಟ್, ಅದರಾಚೆ 1928ರ ಸಿಟಿ ಹಾಲ್. ಪೂರ್ವಕ್ಕೆ ಮೇನ್ ಸ್ಟ್ರೀಟ್, ಪಶ್ಚಿಮಕ್ಕೆ ಸ್ಪ್ರಿಂಗ್ ಸ್ಟ್ರೀಟ್, ದಕ್ಷಿಣಕ್ಕೆ ಸೆಕೆಂಡ್ ಸ್ಟ್ರೀಟ್. ಮೊದಲು ನಾನು ಮಾಡಿದ್ದು ಈ ನಾಲ್ಕೂ ಬದಿ ಹೆಜ್ಜೆ ಎಣಿಸುತ್ತ ನಡೆದು ಬ್ಲಾಕಿನ ನಕ್ಷೆ ಹಾಕಿದ್ದು. ಟೇಪ್ ಹಿಡಿದು ಹೋದರೆ ನೂರು ಜನ ವಿಚಾರಿಸುತ್ತಾರೆ. ಹೆಜ್ಜೆಯನ್ನು ಯಾರೂ ವಿಚಾರಿಸುವುದಿಲ್ಲ. ಆ ನಕ್ಷೆಯಲ್ಲಿ ಕಟ್ಟಡದ ಜಾಗವನ್ನು ಕಪ್ಪಾಗಿಸಿ ಉಳಿದದ್ದನ್ನು ಬಿಳಿಯಾಗಿ ಬಿಟ್ಟೆ. ನಗರದ ನಟ್ಟನಡುವೆ, ನೆಲಕ್ಕೆ ಚಿನ್ನದ ಬೆಲೆ ಇರುವ ಕಡೆ, ಇಷ್ಟೊಂದು ಬಿಳಿ ಯಾಕೆ ಎಂಬ ಪ್ರಶ್ನೆ ಆಗಲೇ ಎದ್ದಿತು.

ಆ ಪ್ರಶ್ನೆಗೆ ಉತ್ತರದ ಒಂದು ಭಾಗ ಸುಲಭ. 1995ರಲ್ಲಿ ಓಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡದ ಮುಂದೆ, ಗೋಡೆಗೆ ಬಹಳ ಹತ್ತಿರ ನಿಲ್ಲಿಸಿದ್ದ ಲಾರಿ ಸ್ಫೋಟಿಸಿ 168 ಜನ ಸತ್ತರು. ಸ್ಫೋಟದ ಒತ್ತಡ ದೂರ ಹೆಚ್ಚಿದಂತೆ ಬಹಳ ಬೇಗ ಇಳಿಯುತ್ತದೆ. ಹಾಗಾಗಿ ಗೋಡೆಯನ್ನು ದಪ್ಪ ಮಾಡುವುದಕ್ಕಿಂತ ವಾಹನವನ್ನು ದೂರ ನಿಲ್ಲಿಸುವುದೇ ಮೇಲು ಎಂಬುದು ಅಮೆರಿಕದ ಸರ್ಕಾರಿ ಕಟ್ಟಡಗಳ ಪಾಠವಾಯಿತು. ಇನ್ನೊಂದು ಭಾಗ ರಾಜಕೀಯ. ಡೌನ್‌ಟೌನಿನಲ್ಲಿ ನೆಲೆಸತೊಡಗಿದ್ದ ಜನ ಈ ಜಾಗದಲ್ಲಿ ಪಾರ್ಕ್ ಬರುತ್ತದೆಂದು ನಂಬಿಕೊಂಡಿದ್ದರು. ಬಂದದ್ದು ಪೊಲೀಸ್ ಕಚೇರಿ; ಪಾರ್ಕಿನ ಬದಲಿಗೆ ಸೆಕೆಂಡ್ ಸ್ಟ್ರೀಟ್ ಕಡೆ ಒಂದು ಹುಲ್ಲುಹಾಸು. ಭದ್ರತೆಗೆ ಬಿಡಲೇಬೇಕಾಗಿದ್ದ ಖಾಲಿ ಜಾಗವನ್ನೇ ಜನರಿಗೆ ತೋಟವೆಂದು ಕೊಟ್ಟದ್ದು ಜಾಣತನವೇ, ಒಪ್ಪುತ್ತೇನೆ. ಆದರೂ ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರ ನನ್ನ ಕಪ್ಪು ಬಿಳುಪಿನ ನಕ್ಷೆಯಲ್ಲಿ ನೇರವಾಗಿ ಕಾಣುತ್ತದೆ.

ಎರಡನೆಯ ಹಾಳೆ ಸೆಕ್ಷನ್, ಅಂದರೆ ಜಾಗವನ್ನು ನೇರ ಸೀಳಿ ಪಕ್ಕದಿಂದ ನೋಡಿದಂತೆ ಬರೆಯುವ ಚಿತ್ರ. ಇದನ್ನು ಕಟ್ಟಡದ ಒಳಗಿನಿಂದಲ್ಲ, ರಸ್ತೆಯಿಂದ ಶುರು ಮಾಡಬೇಕು: ಡಾಂಬರು, ಫುಟ್‌ಪಾತ್‌ನ ಅಂಚುಕಲ್ಲು (ಕರ್ಬ್), ಫುಟ್‌ಪಾತ್, ಗಿಡದ ಕಟ್ಟೆ, ಮೆಟ್ಟಿಲು, ಆಮೇಲೆ ಗೋಡೆ. ಹೀಗೆ ಬರೆದಾಗಲೇ ಗಿಡದ ಕಟ್ಟೆಗಳು ಬರೀ ಗಿಡದ ಕಟ್ಟೆಗಳಲ್ಲ ಎಂದು ಹೊಳೆಯುವುದು. ಕೂರಲು ಹದವಾದ ಎತ್ತರ, ಕಾರಿಗೆ ಹತ್ತಲಾಗದ ಎತ್ತರ. ಸ್ಪ್ರಿಂಗ್ ಸ್ಟ್ರೀಟ್ ಕಡೆ ಪೀಟರ್ ಶೆಲ್ಟನ್ ಅವರ ಉಬ್ಬುಬ್ಬಾದ ಕಂಚಿನ ಪ್ರಾಣಿಗಳಂಥ ಶಿಲ್ಪಗಳಿವೆ. ಅವನ್ನು ನೋಡಿ ಆಗಿನ ಪೊಲೀಸ್ ಮುಖ್ಯಸ್ಥ ವಿಲಿಯಂ ಬ್ರಾಟನ್ ಹಸುವಿನ ಸಗಣಿಗೆ ಹೋಲಿಸಿದ್ದರು. ನನಗೆ ಅವು ಇಷ್ಟ. ಮಕ್ಕಳು ಅಂಜಿಕೆಯಿಲ್ಲದೆ ಮೈದಡವಿ ಹೋಗುವ ವಸ್ತು ಪೊಲೀಸ್ ಕಚೇರಿಯ ಬಾಗಿಲಲ್ಲಿ ಇನ್ನೇನಿರಲು ಸಾಧ್ಯ?

ಹೊಸ ಕಟ್ಟಡ ಅರ್ಥವಾಗಬೇಕಾದರೆ ಹಳೆಯದನ್ನೂ ಬರೆಯಬೇಕಾಯಿತು. ಅದು ಕೆಲವೇ ಬ್ಲಾಕ್ ಆಚೆಗಿದ್ದ ಪಾರ್ಕರ್ ಸೆಂಟರ್. 2019ರಲ್ಲಿ ಕೆಡವಿದ್ದರಿಂದ ಹಳೆಯ ಫೋಟೊಗಳೇ ಗತಿ. ವೆಲ್ಟನ್ ಬೆಕೆಟ್ ಅವರ ಸಂಸ್ಥೆಯ ವಿನ್ಯಾಸ, 1955. ಆ ಕಾಲಕ್ಕೆ ಅಚ್ಚ ಆಧುನಿಕ: ಎಲ್ಲ ವಿಭಾಗಗಳೂ ಒಂದೇ ಸೂರಿನಡಿ, ಕೆಳಗೆ ಗಾಜಿನ ಲಾಬಿ, ಗೋಡೆಗೆ ಬರ್ನಾರ್ಡ್ ರೋಸೆಂಥಾಲ್ ಮಾಡಿದ ಒಂದು ಕುಟುಂಬದ ಶಿಲ್ಪ. ಆದರೆ ಆ ನೆಲ ಖಾಲಿಯಾಗಿ ಸಿಕ್ಕದ್ದಲ್ಲ. ಜಪಾನಿ ಅಮೆರಿಕನ್ನರ ಲಿಟಲ್ ಟೋಕಿಯೊ ಬಡಾವಣೆಯ ಅಂಗಡಿ ಮನೆಗಳನ್ನು ಕೆಡವಿ ಪಡೆದದ್ದು. 1992ರ ಏಪ್ರಿಲ್ 29ರಂದು, ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಪೊಲೀಸರು ಥಳಿಸಿದ ಪ್ರಕರಣದ ತೀರ್ಪು ಬಂದ ದಿನ, ಸಿಟ್ಟಾದ ಜನ ಸೇರಿದ್ದು ಇದೇ ಕಟ್ಟಡದ ಮುಂದೆ. 1994ರ ನಾರ್ತ್‌ರಿಜ್ ಭೂಕಂಪದ ಪೆಟ್ಟೂ ಇದಕ್ಕೆ ಬಿತ್ತು. ಒಂದು ಕಟ್ಟಡಕ್ಕೆ ಇಷ್ಟೆಲ್ಲ ಆದಮೇಲೆ ಅದರ ಉತ್ತರಾಧಿಕಾರಿ ತೋಟ, ಗಾಜು, ಸಭಾಂಗಣ ಎಂದು ನಗುಮುಖ ಮಾಡಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ರೋಸೆಂಥಾಲ್ ಮುಂದೆ ನ್ಯೂಯಾರ್ಕಿನ ಪೊಲೀಸ್ ಕೇಂದ್ರ ಕಚೇರಿಗೂ ಶಿಲ್ಪ ಮಾಡಿದರು: ಒಂದಕ್ಕೊಂದು ಒರಗಿ ನಿಂತ ಐದು ಕೆಂಪು ಉಕ್ಕಿನ ಬಿಲ್ಲೆಗಳು. 1973ರ ಆ ಕಟ್ಟಡ, ಒನ್ ಪೊಲೀಸ್ ಪ್ಲಾಜಾ, ಇಟ್ಟಿಗೆ ಕಾಂಕ್ರೀಟಿನ ಭಾರಿ ಪೆಟ್ಟಿಗೆ. ನಾನು ಅದರ ಸೈಟ್ ಪ್ಲಾನನ್ನೂ (ಕಟ್ಟಡ, ಸುತ್ತಲಿನ ಜಾಗದ ನಕ್ಷೆ) ಪಕ್ಕದಲ್ಲಿ ಬರೆದಿಟ್ಟುಕೊಂಡದ್ದು ಒಂದು ಕಾರಣಕ್ಕೆ. 2001ರ ಸೆಪ್ಟೆಂಬರ್ 11ರ ನಂತರ ಅದರ ಪಕ್ಕದ ಪಾರ್ಕ್ ರೋ ಎಂಬ ರಸ್ತೆಯನ್ನೇ ಸಾಮಾನ್ಯ ವಾಹನಗಳಿಗೆ ಮುಚ್ಚಿಬಿಟ್ಟರು. ಪಕ್ಕದ ಚೈನಾಟೌನಿನವರು ವ್ಯಾಪಾರ ಕೆಟ್ಟಿತೆಂದು ವರ್ಷಗಟ್ಟಲೆ ಗೋಳಾಡಿದರು. ಕಟ್ಟುವಾಗ ಸ್ವಂತ ಜಾಗದಲ್ಲಿ ಬಿಡದ ದೂರವನ್ನು ಆಮೇಲೆ ಊರಿನ ರಸ್ತೆಯಿಂದ ಕಿತ್ತುಕೊಳ್ಳಬೇಕಾಗುತ್ತದೆ.

ಲಂಡನ್ನಿನ ಪೊಲೀಸರದು ಇನ್ನೊಂದು ದಾರಿ. ಅವರು 2016ರಲ್ಲಿ ಥೇಮ್ಸ್ ದಂಡೆಯ, 1930ರ ದಶಕದ ಹಳೆಯ ಕಟ್ಟಡವೊಂದನ್ನೇ ಸರಿಮಾಡಿ, ತಮ್ಮ ಕೇಂದ್ರ ಕಚೇರಿಯ ಹಳೆಯ ಹೆಸರಿನಂತೆಯೇ ನ್ಯೂ ಸ್ಕಾಟ್‌ಲೆಂಡ್ ಯಾರ್ಡ್ ಎಂದು ಕರೆದರು. ಹಿಂದೆ ಸರಿಯಲು ಜಾಗವಿಲ್ಲದ ಕಡೆ ಎದುರಿಗೆ ಒಂದು ಗಾಜಿನ ಪ್ರವೇಶ ಮಂಟಪ ಬಂತು. ಬಂದವರ ತಪಾಸಣೆ ಮುಖ್ಯ ಕಟ್ಟಡದ ಹೊರಗೇ ಮುಗಿಯುತ್ತದೆ. ಹಿಂದಿನ ಕಚೇರಿಯ ಮುಂದಿದ್ದ, ಹೆಸರು ಬರೆದ ತಿರುಗುವ ಬೋರ್ಡನ್ನು ಮಾತ್ರ ಮರೆಯದೆ ಜೊತೆಗೆ ತಂದರು.

ಮತ್ತೆ ಲಾಸ್ ಏಂಜಲೀಸಿಗೆ. ಹೆಚ್ಚು ಹೊತ್ತು ಹಿಡಿದದ್ದು ಫಸ್ಟ್ ಸ್ಟ್ರೀಟಿನ ಮುಖ. ಸಿಟಿ ಹಾಲಿನ ಗೋಪುರ ಎದುರಿನ ಗಾಜಿನಲ್ಲಿ ಅಷ್ಟು ಸ್ಪಷ್ಟವಾಗಿ ಹೇಗೆ ಮೂಡುತ್ತದೆ ಎಂದು ನೋಡುತ್ತ ನಿಂತೆ. ಲೆಕ್ಕ ಸರಳ: ಪೊಲೀಸ್ ಕಟ್ಟಡದ ಈ ಗಾಜು ಉತ್ತರಕ್ಕೆ ತಿರುಗಿದೆ, ದಿನದ ಬಹುಪಾಲು ನೆರಳಲ್ಲಿರುತ್ತದೆ. ಗೋಪುರದ ದಕ್ಷಿಣದ ಮೈಗೆ ಮಾತ್ರ ಬಿಸಿಲು ತುಂಬ ಹೊಡೆಯುತ್ತದೆ. ಬೆಳಗಿದ ವಸ್ತು, ಕತ್ತಲೆಯ ಗಾಜು. ಕನ್ನಡಿಗೆ ಇನ್ನೇನು ಬೇಕು? ನಗರಾಡಳಿತದ ಪ್ರತಿಬಿಂಬ ಪೊಲೀಸರ ಮೈಮೇಲೆ ಬೀಳುವುದು ಅರ್ಥವತ್ತಾಗಿದೆ ಎಂದು ಮೆಚ್ಚಬಹುದು. ಆದರೆ ಹಗಲಲ್ಲಿ ಕನ್ನಡಿಯಾಗುವ ಗಾಜು ಒಳಗಿನದೇನನ್ನೂ ತೋರಿಸುವುದಿಲ್ಲ. ಗಾಜೆಂದರೆ ಪಾರದರ್ಶಕತೆ ಎಂಬ ವಿವರಣೆ ಕೇಳಿದಾಗಲೆಲ್ಲ ನಾನು ಮಧ್ಯಾಹ್ನ ಹನ್ನೆರಡಕ್ಕೆ ಬಂದು ನೋಡಿ ಎನ್ನುತ್ತೇನೆ.

ನಮ್ಮ ಊರುಗಳ ಹೋಲಿಕೆ ಬೇಡವೆಂದರೂ ಬರುತ್ತದೆ. ಕಾಂಪೌಂಡ್ ಗೋಡೆ, ಕಬ್ಬಿಣದ ಗೇಟು, ಒಳಗೆ ಬಳ್ಳಿ ಹಬ್ಬಿ ತುಕ್ಕು ಹಿಡಿಯುತ್ತಿರುವ ಜಪ್ತಿ ಮಾಡಿದ ಬೈಕು ಕಾರುಗಳು. ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ ಎಂದು ಮರ್ಯಾದಸ್ಥರನ್ನು ಹೊಗಳುವ ನಾಡು ನಮ್ಮದು. ಖಾಲಿ ಜಾಗ ನಮ್ಮಲ್ಲೂ ಇದೆ, ಅದನ್ನು ಯಾರೂ ವಿನ್ಯಾಸ ಮಾಡಿಲ್ಲ. ಜಪ್ತಿ ವಾಹನಗಳಿಗೆ ಊರ ಹೊರಗೆ ಒಂದು ಯಾರ್ಡು ಕೊಟ್ಟರೆ ಅರ್ಧ ಕೆಲಸ ಆದಂತೆ.

ಬರೆಯಹೊರಡುವವರಿಗೆ ಕೆಲವು ಮಾತು. ಸಾರ್ವಜನಿಕ ಫುಟ್‌ಪಾತ್‌ನಲ್ಲಿ ನಿಂತು ಚಿತ್ರ ಬರೆಯಲು, ಫೋಟೊ ತೆಗೆಯಲು ಅಮೆರಿಕದಲ್ಲಿ ಅಡ್ಡಿಯಿಲ್ಲ. ಆದರೂ ಅಧಿಕಾರಿಯೊಬ್ಬರು ಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಪುಸ್ತಕ ತೋರಿಸಿದೆ, ನೋಡಿ ಹೋದರು. ಕ್ಯಾಮೆರಾಗಳ ಜಾಗ, ವಾಹನಗಳ ಗೇಟು, ಪಾಳಿ ಬದಲಾಗುವ ಹೊತ್ತು, ಇವನ್ನು ನಾನು ಗುರುತು ಹಾಕಿಕೊಳ್ಳಲೇ ಇಲ್ಲ. ನಮ್ಮ ಕಡೆ ಮಾಡುವವರು ಮೊದಲು ಕಾಲೇಜಿನಿಂದ ಪತ್ರ ತೆಗೆದುಕೊಂಡು, ಕಚೇರಿಯಲ್ಲಿ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲಿ ಪಡೆದೇ ಪೆನ್ಸಿಲ್ ಹೊರತೆಗೆಯಿರಿ. ಒಪ್ಪದಿದ್ದರೆ ವಾದಕ್ಕಿಳಿಯದೆ ಗೇಟಿನ ಹೊರಗಿನ ರಸ್ತೆಯನ್ನಷ್ಟೇ ಬರೆಯಿರಿ: ದೂರು ಕೊಡಲು ಬಂದವರು ಎಲ್ಲಿ ಕಾಯುತ್ತಾರೆ, ನೆರಳು ಎಲ್ಲಿದೆ, ಅರ್ಜಿ ಬರೆದುಕೊಡುವವರು ಎಲ್ಲಿ ಕೂತಿದ್ದಾರೆ. ಒಂದು ಹಾಳೆಗೆ ಅಷ್ಟು ಸಾಕು.